ಮೂವತ್ತೊಂಬತ್ತು ಡಿಗ್ರಿಗೆ ಕರಗುವ ಲೋಹ

ದೆಹಲಿಯ ಬೇಸಿಗೆಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅಲ್ಲಿ ನನಗೆ ಮೇಲಧಿಕಾರಿಯಾಗಿದ್ದ ಮನುಷ್ಯನನ್ನೂ ಕ್ಷಮಿಸಿಲ್ಲ. ವಯಸ್ಸಾಗುತ್ತಾ ಬಂದ ಹಾಗೆ ಮನಸ್ಸು ಮೆತ್ತಗಾಗುತ್ತದೆ, ಹಳೆಯ ಸಿಟ್ಟೆಲ್ಲ ಇಳಿದುಹೋಗುತ್ತದೆ ಎಂದು ಹೇಳುವವರಿದ್ದಾರೆ. ಇಳಿಯಲಿ ಎಂದು ನಾನೂ ಕಾದು ನೋಡಿದೆ. ಇಳಿಯಲಿಲ್ಲ. ಆದ್ದರಿಂದ ಬರೆದುಬಿಡುತ್ತೇನೆ.

ಮೆಟ್ರೋ ಹೊಸದಾಗಿ ಬಂದು, ಜನ ಕೆಲಸವಿಲ್ಲದಿದ್ದರೂ ಅದರಲ್ಲಿ ಹತ್ತಿ ಇಳಿದು ಬರುತ್ತಿದ್ದ ಕಾಲ ಅದು. ಹಾಸನದಲ್ಲಿ ಬೆಳೆದು ಮೈಸೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿದ್ದ ನನಗೆ ದೆಹಲಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಖಾಯಂ ಕೆಲಸವೇನಲ್ಲ. ಒಂದು ಯೋಜನೆಗೆ ಸೇರಿದ್ದು, ವರ್ಷ ವರ್ಷವೂ ಮುಂದುವರಿಸಬೇಕು, ಮುಂದುವರಿಸಲು ವಿಭಾಗದ ಮುಖ್ಯಸ್ಥರ ಸಹಿ ಬೇಕು. ಆ ಸಹಿ ಬೀಳದಿದ್ದರೆ ನನ್ನ ಪಿಎಚ್.ಡಿ.ಯೂ ಅಲ್ಲಿಗೇ ನಿಂತ ಹಾಗೆ. ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸೊಂದರ ತಾರಸಿಯ ಮೇಲಿನ ಕೋಣೆಯಲ್ಲಿ ನಾನಿದ್ದೆ. ಅಂಥ ಕೋಣೆಗೆ ಅಲ್ಲಿ ಬರ್ಸಾತಿ ಎನ್ನುತ್ತಾರೆ. ಹೆಸರು ಮಳೆಗಾಲದ್ದು, ಆದರೆ ಮೇ ತಿಂಗಳ ಮಧ್ಯಾಹ್ನ ಬಕೆಟ್ಟಿನಲ್ಲಿ ಹಿಡಿದಿಟ್ಟ ನೀರು ಒಲೆಯ ಮೇಲಿಂದ ಇಳಿಸಿದ ಹಾಗೆ ಸುಡುತ್ತಿತ್ತು.

ನಮ್ಮ ಕೆಲಸ ಗಡಿಯಾರ ಮಾಡುವುದು. ಗೋಡೆಗೆ ನೇತುಹಾಕುವ ಗಡಿಯಾರವಲ್ಲ, ರುಬಿಡಿಯಂ ಎಂಬ ಲೋಹದ ಪರಮಾಣುಗಳನ್ನು ನಂಬಿ ನಡೆಯುವ ಗಡಿಯಾರ. ಶಾಲೆಯ ಗೋಡೆಯ ಮೇಲೆ ಧಾತುಗಳ ಕೋಷ್ಟಕ ಇರುತ್ತದಲ್ಲ, ಅದರ ಎಡ ಅಂಚಿನಲ್ಲಿ ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ ಎಂದು ಮೇಲಿನಿಂದ ಇಳಿಯುತ್ತಾ ಬಂದರೆ ಪೊಟ್ಯಾಸಿಯಂ ಕೆಳಗಿನ ಮನೆಯಲ್ಲಿ ಇದು ಸಿಗುತ್ತದೆ. ಪರಮಾಣು ಸಂಖ್ಯೆ ಮೂವತ್ತೇಳು. ಆ ಇಡೀ ಕುಲಕ್ಕೆ ಕ್ಷಾರ ಲೋಹಗಳು ಎಂದು ಹೆಸರು. ಎಲ್ಲಕ್ಕೂ ಹೊರಸುತ್ತಿನಲ್ಲಿ ಒಂದೇ ಒಂದು ಎಲೆಕ್ಟ್ರಾನ್. ಕೆಳಗಿಳಿದಂತೆಲ್ಲ ಪರಮಾಣು ದೊಡ್ಡದಾಗುತ್ತದೆ, ಆ ಒಂಟಿ ಎಲೆಕ್ಟ್ರಾನಿನ ಮೇಲಿನ ಹಿಡಿತ ಸಡಿಲವಾಗುತ್ತದೆ, ಲೋಹದ ಸಿಡುಕು ಹೆಚ್ಚುತ್ತದೆ. ಸೋಡಿಯಂ ಚೂರೊಂದು ನೀರಿನ ಮೇಲೆ ತೇಲುತ್ತಾ ಚುರುಗುಟ್ಟಿಕೊಂಡು ಓಡಾಡುವುದನ್ನು ಕಾಲೇಜಿನಲ್ಲಿ ವಿಜ್ಞಾನ ಓದಿದವರೆಲ್ಲ ನೋಡಿರುತ್ತಾರೆ, ಚಪ್ಪಾಳೆ ತಟ್ಟಿರುತ್ತಾರೆ. ರುಬಿಡಿಯಂ ಅಂಥ ಆಟ ಆಡಿ ತೋರಿಸುವುದಿಲ್ಲ. ಅದು ನೀರಿಗಿಂತ ಒಂದೂವರೆ ಪಟ್ಟು ತೂಕ. ಮುಳುಗುತ್ತದೆ, ಮುಳುಗುತ್ತಲೇ ನೀರನ್ನು ಒಡೆದು ಹೈಡ್ರೋಜನ್ ಹೊರಡಿಸುತ್ತದೆ, ಆ ಕಾವಿಗೆ ಹೈಡ್ರೋಜನ್ ಹೊತ್ತಿಕೊಳ್ಳುತ್ತದೆ, ಪಾತ್ರೆಯೇ ಸಿಡಿದುಹೋಗುತ್ತದೆ. ಪಕ್ಕದ ಲ್ಯಾಬಿನವರ ಕಂಪ್ಯೂಟರಿನಲ್ಲಿ ಇದರದೊಂದು ಸಣ್ಣ ವೀಡಿಯೋ ಇತ್ತು. ಗಾಜಿನ ತೊಟ್ಟಿಗೆ ಒಂದಿಷ್ಟು ಲೋಹ ಬಿದ್ದದ್ದು ಕಾಣಿಸಿತು, ಮರುಕ್ಷಣ ತೊಟ್ಟಿ ಇರಲಿಲ್ಲ. ನೋಡಿದ ಮೇಲೆ ಆ ದಿನವೆಲ್ಲ ನಾನು ಕೈ ತೊಳೆಯುವಾಗಲೂ ಹೆದರುತ್ತಿದ್ದೆ.

ನೀರಿನ ಮೇಲೆ ಮಾತ್ರವಲ್ಲ, ಗಾಳಿಯ ಮೇಲೂ ಅದಕ್ಕೆ ದ್ವೇಷ. ಬರಿಯ ಗಾಳಿ ತಾಗಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ, ಉರಿ ಕೆಂಪು ಬೆರೆತ ನೇರಳೆ ಬಣ್ಣ. ಅದನ್ನು ಮೊದಲು ಕಂಡುಹಿಡಿದವರು ಅದರ ಬೆಳಕನ್ನು ಸೀಳಿ ನೋಡಿದಾಗ ಗಾಢ ಕೆಂಪಿನ ಎರಡು ಗೆರೆಗಳು ಕಂಡವಂತೆ. ಲ್ಯಾಟಿನ್ನಿನಲ್ಲಿ ಆ ಕೆಂಪಿಗೆ ಇರುವ ಪದವನ್ನೇ ಹೆಸರಾಗಿ ಇಟ್ಟರು. ಹೆಸರು ಕೆಂಪಿನದಾದರೂ ಲೋಹ ಮಾತ್ರ ಬೆಳ್ಳಿಯ ಹಾಗೆ ಬಿಳಿ, ಬೆಣ್ಣೆಯ ಹಾಗೆ ಮೆತ್ತಗೆ. ಚಾಕುವಿನಲ್ಲಿ ಕೊಯ್ಯಬಹುದು ಎಂದು ಪುಸ್ತಕದಲ್ಲಿ ಬರೆದಿದ್ದಾರೆ. ಕೊಯ್ದವರನ್ನು ನಾನು ನೋಡಿಲ್ಲ. ನಮಗೆ ಅದು ಬರುತ್ತಿದ್ದದ್ದು ಗಾಜಿನ ಆಂಪೂಲಿನಲ್ಲಿ. ಇಂಜೆಕ್ಷನ್ ಔಷಧಿ ಬರುತ್ತದಲ್ಲ, ಅಂಥದ್ದೇ, ಇನ್ನೂ ದಪ್ಪ ಗಾಜು, ಒಳಗೆ ಆರ್ಗಾನ್ ಅನಿಲ, ತಳದಲ್ಲಿ ಒಂದು ಗ್ರಾಮಿನಷ್ಟು ಲೋಹ. ಹೊರದೇಶದಿಂದ ಬರುವಷ್ಟರಲ್ಲಿ ಕಸ್ಟಮ್ಸಿನವರು ನಮ್ಮ ಜೀವ ಹಿಂಡಿ ಹಿಪ್ಪೆ ಮಾಡಿರುತ್ತಿದ್ದರು.

ಇಷ್ಟೆಲ್ಲ ಗುಣಗಳ ನಡುವೆ ಒಂದನ್ನು ಜನ ಓದಿ ಮರೆತುಬಿಡುತ್ತಾರೆ. ರುಬಿಡಿಯಂ ಮೂವತ್ತೊಂಬತ್ತು ಡಿಗ್ರಿ ದಾಟಿದರೆ ಕರಗುತ್ತದೆ. ಜೋರು ಜ್ವರ ಬಂದ ಮಗುವಿನ ಮೈಯಷ್ಟು ಬಿಸಿ ಸಾಕು. ಪುಸ್ತಕ ಬರೆದವರ ದೇಶದಲ್ಲಿ ಅದು ಯಾವಾಗಲೂ ಗಟ್ಟಿ. ಹಾಸನದಲ್ಲೂ ಗಟ್ಟಿಯಾಗಿಯೇ ಇರುತ್ತಿತ್ತು. ದೆಹಲಿಯ ಜೂನ್ ತಿಂಗಳಿಗೆ ಪುಸ್ತಕದ ಮಾತು ನಡೆಯುವುದಿಲ್ಲ.

ಇನ್ನು ನಮ್ಮ ಸರ್ ವಿಷಯ. ಸರ್ ಅಂದರೆ ವಿಭಾಗದ ಮುಖ್ಯಸ್ಥರು. ನಾನು ಸೇರಿದಾಗ ಗುರುಗಳಾಗಿದ್ದವರು ನಿವೃತ್ತಿಯಾಗಿ ಹೋದ ಮೇಲೆ ನನ್ನನ್ನು ಇವರ ಕೆಳಗೆ ಹಾಕಿದರು. ಇವರದು ಎಲೆಕ್ಟ್ರಾನಿಕ್ಸ್. ಸರ್ಕ್ಯೂಟಿನಲ್ಲಿ ಇವರ ಕೈ ಚೆನ್ನಾಗಿತ್ತು, ಆ ಮಾತು ಒಪ್ಪಲೇಬೇಕು. ರುಬಿಡಿಯಂ ಮಾತ್ರ ಇವರಿಗೆ ಪೆಟ್ಟಿಗೆಯೊಳಗಿನ ಇನ್ನೊಂದು ಬಿಡಿಭಾಗ. ಲೋಧಿ ಕಾಲೋನಿಯ ಸರ್ಕಾರಿ ಫ್ಲ್ಯಾಟಿನಲ್ಲಿ ಮನೆ, ಮೂಲ ಮೈಸೂರು, ಮನೆಮಾತು ಕನ್ನಡ. ಇವರು ನನ್ನ ಗುರುಗಳಾಗುತ್ತಾರೆ ಎಂದು ತಿಳಿದ ದಿನ ನಾನು ಊರಿಗೆ ಫೋನು ಮಾಡಿ, ನಮ್ಮ ಕಡೆಯವರೇ ಸಿಕ್ಕಿದರು ಎಂದು ಖುಷಿಪಟ್ಟಿದ್ದೆ. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದ್ದಳು.

ಆ ಮನುಷ್ಯ ಕನ್ನಡವನ್ನು ಏತಕ್ಕೆ ಬಳಸುತ್ತಿದ್ದರು ಎಂದು ಹೇಳಿದರೆ ನೀವು ನಂಬುವುದು ಕಷ್ಟ. ಎಲ್ಲರೊಡನೆ ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಸಕ್ಕರೆಯಂಥ ಮಾತು. ಪ್ಲೀಸ್ ಇಲ್ಲದೆ ವಾಕ್ಯ ಹೊರಡುತ್ತಿರಲಿಲ್ಲ. ನನ್ನ ಕಡೆ ತಿರುಗಿದರೆ ಕನ್ನಡ. ಮುಖದಲ್ಲಿ ಅದೇ ನಗು, ದನಿಯೂ ಅಷ್ಟೇ ಮೆತ್ತಗೆ, ಬಾಯಿಂದ ಬರುವುದು ಮಾತ್ರ ಬೈಗುಳ.

"ಏನಮ್ಮಾ, ತಲೇಲಿ ಏನು ತುಂಬ್ಕೊಂಡಿದೀಯ? ಸಗಣೀನಾ?" ಎಂದು ನಗುನಗುತ್ತಾ ಕೇಳುತ್ತಿದ್ದರು. "ನಿನ್ನಂಥೋಳಿಗೆ ಡಿಗ್ರಿ ಕೊಟ್ಟ ಪುಣ್ಯಾತ್ಮ ಯಾರು? ಅವನ ಕಾಲಿಗೆ ಬೀಳ್ಬೇಕು ನಾನು."

ಸುತ್ತ ನಿಂತವರಿಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ತಿಳಿಯಬಾರದೆಂದೇ ಆ ಏರ್ಪಾಡು. ನಾನು ಸಿಟ್ಟಿನ ಮುಖ ಮಾಡಿದರೆ, ಅಷ್ಟು ಪ್ರೀತಿಯಿಂದ ಮಾತಾಡಿಸುವ ಗುರುಗಳ ಎದುರು ಮುಖ ಗಂಟಿಕ್ಕುವ ಹುಡುಗಿ ಎಂದು ಕೆಟ್ಟ ಹೆಸರು ನನಗೇ ಬರುತ್ತಿತ್ತು. ಹಾಗಾಗಿ ನಾನೂ ಹಲ್ಲು ಕಚ್ಚಿಕೊಂಡು ನಗುತ್ತಿದ್ದೆ. "ನಿಮ್ಮದೇ ಭಾಷೆಯ ಬಾಸ್, ನೀನು ಪುಣ್ಯ ಮಾಡಿದ್ದೆ" ಎಂದು ಪಕ್ಕದ ಲ್ಯಾಬಿನವರು ಹೊಟ್ಟೆಕಿಚ್ಚು ಪಡುತ್ತಿದ್ದರು. ಒಂದು ಸಲ ಸರ್ ತಮ್ಮ ಮನೆಯ ಮಿಕ್ಸಿ ರಿಪೇರಿಗೆ ನನ್ನನ್ನು ಕರೋಲ್ ಬಾಗಿಗೆ ಅಟ್ಟಿದ್ದರು. ಆ ನೂಕುನುಗ್ಗಲಿನಲ್ಲಿ ಮಿಕ್ಸಿಯನ್ನು ಮಗುವಿನ ಹಾಗೆ ಎದೆಗವುಚಿಕೊಂಡು ಸೈಕಲ್ ರಿಕ್ಷಾದಲ್ಲಿ ಕೂತಿದ್ದಾಗ ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆದರೆ ಅಚ್ಚು ಹಾಕುವವರು ಒಪ್ಪಲಾರರು. ಆದರೆ ಸಹಿ ಅವರದು. ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಲ್ಯಾಬಿನಲ್ಲಿ ನಮ್ಮಿಬ್ಬರ ಜೊತೆ ಯಾವಾಗಲೂ ಇರುತ್ತಿದ್ದ ಮೂರನೆಯವರು ಒಬ್ಬ ಸಹಾಯಕರು. ಗಢವಾಲದ ಬೆಟ್ಟಗಳ ಕಡೆಯವರು, ನಿವೃತ್ತಿಗೆ ಹತ್ತಿರವಾಗಿದ್ದವರು. ಎಲ್ಲರೂ ಪಂಡಿತ್‌ಜಿ ಎಂದೇ ಕರೆಯುತ್ತಿದ್ದರು. ಅವರ ಎಡಗಣ್ಣು ಹಳೆಯದೊಂದು ಆಪರೇಷನ್ನಿನಲ್ಲಿ ಕೆಟ್ಟುಹೋಗಿತ್ತು. ಉಳಿದದ್ದು ಬಲಗಣ್ಣೊಂದು, ಅದಕ್ಕೂ ಪೊರೆ ಬರುತ್ತಿತ್ತು. ಏನನ್ನಾದರೂ ಸರಿಯಾಗಿ ನೋಡಬೇಕಾದರೆ ಮುಖವನ್ನು ಅದಕ್ಕೆ ತಾಗುವಷ್ಟು ಹತ್ತಿರ ತರುತ್ತಿದ್ದರು. ಪತ್ರಿಕೆ ಓದುವಾಗ ಮೂಗಿನ ತುದಿಗೆ ಮಸಿ ಹತ್ತಿರುತ್ತಿತ್ತು. ಸಾಹೇಬರು ಹೇಳಿದ್ದನ್ನು ಮಾಡುವುದು, ಹೇಳದ್ದನ್ನು ಮಾಡದಿರುವುದು, ಇದೇ ಅವರ ನಡವಳಿಕೆ. ಸರ್ ನನ್ನನ್ನು ಕನ್ನಡದಲ್ಲಿ ತೊಳೆದು ಹಿಂಡಿ ಒಣಗಿಹಾಕಿ ಹೋದ ಮೇಲೆ ಪ್ರತಿಸಲವೂ ಅಕ್ಕರೆಯಿಂದ ನನ್ನ ಹತ್ತಿರ ಬರುತ್ತಿದ್ದರು.

"ಮೇಡಂಜೀ, ಸಾಹಬ್ ಏನಂದ್ರು?"

"ಊಟ ಆಯ್ತಾ ಅಂತ ಕೇಳಿದ್ರು, ಪಂಡಿತ್‌ಜೀ."

"ಅಚ್ಛಾ ಅಚ್ಛಾ," ಎಂದು ತಲೆಯಾಡಿಸುತ್ತಿದ್ದರು. "ದೂರದ ಊರಲ್ಲಿ ತಮ್ಮವರು ಅಂತ ಒಬ್ಬರು ಬೇಕು."

ಇನ್ನೇನು ಹೇಳಲಿ? ಊಟದ ವಿಷಯ, ಊರಿನ ಮಳೆಯ ವಿಷಯ, ಅಪ್ಪನ ಮಂಡಿನೋವಿನ ವಿಷಯ ಎಂದು ದಿನಕ್ಕೊಂದು ಹೇಳುತ್ತಿದ್ದೆ. ನನ್ನ ಬಾಯಲ್ಲೇ ಆ ಮನುಷ್ಯ ದೇವರಂಥವರಾಗಿಬಿಟ್ಟಿದ್ದರು.

ಆ ಜೂನ್ ತಿಂಗಳಲ್ಲಿ ಅಕ್ಕನ ಮದುವೆ ಬಂತು. ರಜೆ ಕೇಳಲು ಹೋದೆ. ಕ್ಯಾಬಿನ್ನಿನಲ್ಲಿ ಬೇರೆ ಇಬ್ಬರು ಕೂತಿದ್ದರು, ಆದ್ದರಿಂದ ನಗು ಸಿದ್ಧವಾಗಿತ್ತು.

"ಹೋಗಮ್ಮಾ, ಧಾರಾಳವಾಗಿ ಹೋಗು. ಅಲ್ಲೇ ಯಾವನನ್ನಾದ್ರೂ ಕಟ್ಕೊಂಡು ಇದ್ಬಿಡು. ಲ್ಯಾಬಿಗೂ ಒಳ್ಳೇದು, ದೇಶಕ್ಕೂ ಒಳ್ಳೇದು."

"ಸರ್, ನನ್ನ ಮುಂದುವರಿಕೆ ಅರ್ಜಿ ನಿಮ್ಮ ಹತ್ರ ಇದೆ," ಎಂದೆ.

"ಇದೆ, ಡ್ರಾಯರಲ್ಲಿ ನಿದ್ದೆ ಮಾಡ್ತಿದೆ. ನೀನು ಬಂದ್ಮೇಲೆ ಎಬ್ಬಿಸೋಣ."

ಕೂತಿದ್ದವರಲ್ಲಿ ಒಬ್ಬರು ನನ್ನನ್ನು ನೋಡಿ, ಎಂಥ ಒಳ್ಳೆಯ ಬಾಂಧವ್ಯ ಎನ್ನುವ ಹಾಗೆ ತಲೆದೂಗಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಹೊರಡುವ ಮುಂಚೆ ಆಂಪೂಲನ್ನು ಮರಳು ತುಂಬಿದ ತಗಡಿನ ಡಬ್ಬಿಯಲ್ಲಿ ಹೂತು, ಡಬ್ಬಿಯನ್ನು ಎ.ಸಿ. ಇದ್ದ ಕೋಣೆಯ ಬೀರುವಿನಲ್ಲಿಟ್ಟೆ. ಡಬ್ಬಿಯ ಮೇಲೂ ಆಂಪೂಲಿನ ಮೇಲೂ ಚೀಟಿ ಅಂಟಿಸಿದೆ. ಕೆಲವು ತಿಂಗಳ ಹಿಂದೆ ಅದು ಬಂದಾಗ ಸರ್‌ಗೆ ತೋರಿಸಿದ್ದೂ ಆಗಿತ್ತು. ಚಳಿಗಾಲ, ಲೋಹ ಗಾಜಿನ ತಳಕ್ಕೆ ಅಂಟಿಕೊಂಡ ಬೆಳ್ಳಿಯ ಬಿಲ್ಲೆಯ ಹಾಗೆ ಗಟ್ಟಿಯಾಗಿ ಕೂತಿತ್ತು. ಮುಟ್ಟದೆ ದೂರದಿಂದಲೇ ನೋಡಿ, "ಇಷ್ಟೇನಾ?" ಎಂದಿದ್ದರು.

ನಾನು ಊರಿನಲ್ಲಿದ್ದಾಗ ಇಲ್ಲಿ ನಡೆದದ್ದನ್ನು ಆಮೇಲೆ ಪಕ್ಕದ ಲ್ಯಾಬಿನವರು ಹೇಳಿದರು. ಲ್ಯಾಬಿನ ಎ.ಸಿ. ಕೆಟ್ಟಿತು. ರಿಪೇರಿಯ ಭಯ್ಯಾ ಬಂದು ಬಿಚ್ಚಿ ಹರಡಿ, ಕಂಪ್ರೆಸರ್ ಹೋಗಿದೆ ಎಂದು ಹೇಳಿ, ಹರಡಿದ್ದನ್ನು ಹಾಗೇ ಬಿಟ್ಟು ಹೋದ. ಮೇಲಿನ ಮಹಡಿ, ಪಡುವಣದ ಕಿಟಕಿಗಳು, ಒಳಗೆ ನಲವತ್ತು ದಾಟಿತು. ಇದರ ಮಧ್ಯೆ ಮೇಲಿನವರ ತಂಡವೊಂದು ಪರಿಶೀಲನೆಗೆ ಬರುವ ಸುದ್ದಿ ಬಂತು. ಸರ್ ಲ್ಯಾಬನ್ನು ಒಪ್ಪಮಾಡಲು ಹೊರಟರು. ಬೀರುಗಳೆಲ್ಲ ಖಾಲಿಯಾದವು. ಮರಳು ತುಂಬಿದ ತಗಡಿನ ಡಬ್ಬಿ ನೋಡಲು ಅಸಹ್ಯ ಎಂದು, ಮೇಲಿನ ಚೀಟಿಯನ್ನೂ ಓದದೆ ಅದನ್ನು ಸುರಿಸಿದರು. ಸೆಕೆಗೆ ಗೋಂದು ಒಣಗಿ ಆಂಪೂಲಿನ ಚೀಟಿ ಎಲ್ಲೋ ಉದುರಿತ್ತು. ಹಳೆಯ ಕಾಲದ ಪಾದರಸದ ಮಾನೋಮೀಟರುಗಳು, ಅಂದರೆ ಒತ್ತಡ ಅಳೆಯುವ ಗಾಜಿನ ಕೊಳವೆಗಳು, ಒಂದು ಟ್ರೇಯಲ್ಲಿ ಕಿಟಕಿಯ ಪಕ್ಕ ಬಿದ್ದಿದ್ದವು. ಆಂಪೂಲೂ ಆ ಟ್ರೇಗೇ ಸೇರಿತು.

ಪಾದರಸದ ಆವಿ ವಿಷ. ಅದನ್ನು ದಪ್ಪ ಗಾಜಿನ ಬಾಟಲಿಗೆ ಹಾಕಿ, ಆವಿ ಏಳದಂತೆ ಮೇಲೊಂದು ಪದರ ನೀರು ನಿಲ್ಲಿಸಿಡುವುದು ಹಳೆಯ ಲ್ಯಾಬುಗಳ ಪದ್ಧತಿ. ಒಳ್ಳೆಯ ಪದ್ಧತಿಯೇ. ಆದರೆ ಪಾದರಸಕ್ಕೆ.

ನಾನು ದೆಹಲಿಗೆ ವಾಪಸಾದದ್ದು ತಂಡ ಬರುವ ದಿನವೇ. ರೈಲು ತಡವಾಗಿತ್ತು. ಕೋಣೆಗೂ ಹೋಗದೆ ಆಟೋ ಹಿಡಿದು, ಹೆಗಲಿನ ಬ್ಯಾಗು, ಕೈಯಲ್ಲಿ ಮದುವೆ ಮನೆಯ ಚಿರೋಟಿ ಡಬ್ಬಿಯ ಜೊತೆ ನೇರ ಲ್ಯಾಬಿಗೆ ಬಂದೆ. ಬಾಗಿಲು ತೆರೆದಿತ್ತು. ಒಳಗಿನ ಬಿಸಿ ಮುಖಕ್ಕೆ ರಾಚಿತು. ಸಿಂಕಿನ ಮುಂದೆ ಪಂಡಿತ್‌ಜಿ ನಿಂತಿದ್ದರು. ಅವರೆದುರು ದಪ್ಪ ಗಾಜಿನ ಬಾಟಲಿ. ಮಾನೋಮೀಟರಿನ ಪಾದರಸವೆಲ್ಲ ತಳದಲ್ಲಿ ಫಳಫಳಿಸುತ್ತಿತ್ತು, ಅದರ ಮೇಲೆ ಕುತ್ತಿಗೆಯವರೆಗೆ ನೀರು. ಪಂಡಿತ್‌ಜಿಯ ಎಡಗೈಯಲ್ಲಿ ನನ್ನ ಆಂಪೂಲು, ಬಲಗೈಯಲ್ಲಿ ಗಾಜು ಕೊರೆಯುವ ಸಣ್ಣ ಅರ. ಆಂಪೂಲಿನ ಕುತ್ತಿಗೆಗೆ ಅರ ಹಾಕಿ ಉಜ್ಜುತ್ತಿದ್ದರು. ಮುಖ ಬಾಟಲಿಯ ಬಾಯಿಗೆ ತಾಗುವಷ್ಟು ಹತ್ತಿರವಿತ್ತು.

ಆಂಪೂಲಿನೊಳಗೆ ಬೆಳ್ಳಿಯ ದ್ರವ ಆ ಕಡೆ ಈ ಕಡೆ ಓಲಾಡುತ್ತಿತ್ತು. ನೋಡಿದರೆ ಯಾರಾದರೂ ಪಾದರಸವೆಂದೇ ಹೇಳಬೇಕು. ಕೈಯಲ್ಲಿ ಎತ್ತಿ ನೋಡಿದ್ದರೆ ಸಾಕಿತ್ತು, ಅಷ್ಟೇ ಪಾದರಸ ಇದರ ಎಂಟು ಪಟ್ಟಿಗಿಂತ ಹೆಚ್ಚು ತೂಗುತ್ತದೆ. ಎತ್ತಿ ನೋಡುವ ಅಭ್ಯಾಸ ಸರ್‌ಗೆ ಇರಲಿಲ್ಲ. ಬೆರಳು ತೋರಿಸುವ ಅಭ್ಯಾಸವಿತ್ತು. ಈಗಲೂ ಪಕ್ಕದ ಲ್ಯಾಬಿನ ಇಬ್ಬರ ಜೊತೆ ಬಾಗಿಲ ಬಳಿ ನಿಂತು ಬೆರಳು ತೋರಿಸುತ್ತಲೇ ಇದ್ದರು.

ನನ್ನನ್ನು ಕಂಡು ಮುಖವರಳಿಸಿದರು. "ಬಂದೆಯಾ ಮಹಾರಾಣಿ? ಮದುವೆ ಊಟ ಅರಗಿತಾ? ನಾವಿಲ್ಲಿ ನಿನ್ನ ಕಸ ಬಳೀತಿದ್ದೀವಿ."

"ಸರ್, ಅದು ಪಾದರಸ ಅಲ್ಲ. ರುಬಿಡಿಯಂ. ನಿಲ್ಲಿಸೋಕೆ ಹೇಳಿ."

"ಕಣ್ಣು ಕಾಣಿಸುತ್ತಾ? ದ್ರವ ಅದು. ನಿನ್ನ ರುಬಿಡಿಯಂ ಗಟ್ಟಿ, ನೀನೇ ತೋರಿಸಿದ್ದೆ."

"ಆಗ ಚಳಿ ಇತ್ತು ಸರ್. ಮೂವತ್ತೊಂಬತ್ತಕ್ಕೆ ಕರಗುತ್ತೆ. ನೀರಿಗೆ ಬಿದ್ರೆ ಸಿಡಿಯುತ್ತೆ."

"ಬಾಯಿ ಮುಚ್ಚಮ್ಮಾ. ತಂಡ ಬರೋ ಹೊತ್ತಲ್ಲಿ ನನಗೇ ಪಾಠ ಮಾಡ್ಬೇಡ. ಡ್ರಾಯರಲ್ಲಿ ಏನಿದೆ ಜ್ಞಾಪಕ ಇದೆ ತಾನೆ?"

ಇಷ್ಟನ್ನೂ ಅವರು ನಗುತ್ತಲೇ ಹೇಳಿದರು. ನನ್ನ ಮುಖದಲ್ಲೂ ಎರಡು ವರ್ಷದ ಅಭ್ಯಾಸಬಲದಿಂದ ಆ ಹಾಳು ನಗು ಬಂದು ಕೂತಿತ್ತು. ಪಕ್ಕದ ಲ್ಯಾಬಿನವರು ಮದುವೆಯ ಮಾತು ನಡೆದಿದೆ ಎಂದುಕೊಂಡು ತಾವೂ ನಗುತ್ತಿದ್ದರು. ಪಂಡಿತ್‌ಜಿ ಕೂಡ. "ಶಾದಿ ಅಚ್ಛೀ ಹುಯೀ, ಮೇಡಂಜೀ?" ಎಂದು ಕೇಳುತ್ತಾ ಅರವನ್ನು ಮತ್ತೆ ಉಜ್ಜಿದರು. ಗಾಜಿನ ಮೇಲೆ ಅದರ ಕಿರುಗುಟ್ಟುವ ಸದ್ದು ಕೇಳಿಸಿತು.

ಆಗ ನನಗೆ ಹೊಳೆಯಿತು. ನಾನು ಕನ್ನಡದಲ್ಲಿ ಹೇಳಿದ್ದು ಈ ಕೋಣೆಯಲ್ಲಿ ಬೇರೆ ಒಬ್ಬರಿಗೂ ತಿಳಿದಿಲ್ಲ. ಯಾರ ಕಣ್ಣು ಹೋಗಲಿದೆಯೋ ಅವರಿಗೇ ತಿಳಿದಿಲ್ಲ. ತಿಳಿದಿರುವವರು ಒಬ್ಬರೇ, ಅವರು ಕೇಳಲು ಸಿದ್ಧರಿಲ್ಲ. ಎರಡು ವರ್ಷ ನನ್ನನ್ನು ಬೈಯಲು ಕಟ್ಟಿದ ಗೋಡೆಯ ಒಳಗೇ ನಿಂತು ನಾನು ಎಚ್ಚರಿಕೆ ಹೇಳುತ್ತಿದ್ದೆ.

"ಪಂಡಿತ್‌ಜೀ, ಹಾಥ್ ರೋಕೋ!" ಎಂದು ಕಿರುಚಿದೆ. ಚಿರೋಟಿ ಡಬ್ಬಿ ಕೈಜಾರಿ ನೆಲಕ್ಕೆ ಬಿತ್ತು.

ಅವರು ಕೈ ನಿಲ್ಲಿಸಿದರು. ಆದರೆ ನನ್ನನ್ನು ನೋಡಲಿಲ್ಲ. ಅವರ ಒಂದು ಕಣ್ಣು ಸಾಹೇಬರ ಕಡೆ ತಿರುಗಿತು. ಸರ್ ಹಿಂದಿಯಲ್ಲಿ, ಸಕ್ಕರೆಯ ದನಿಯಲ್ಲಿ, "ಮಾಡಿ ಮಾಡಿ ಪಂಡಿತ್‌ಜೀ, ಮೇಡಂ ಪ್ರಯಾಣದಲ್ಲಿ ದಣಿದಿದ್ದಾರೆ" ಎಂದರು. ಪಂಡಿತ್‌ಜಿ ಮತ್ತೆ ಬಗ್ಗಿದರು.

ನಾನು ಓಡಿಹೋಗಿ ಅವರ ಎರಡು ಕೈಗಳನ್ನೂ ನನ್ನ ಕೈಗಳಲ್ಲಿ ಒತ್ತಿ ಹಿಡಿದೆ. ಕಸಿದುಕೊಳ್ಳುವ ಹಾಗಿರಲಿಲ್ಲ, ಗಾಜಿಗೆ ಅರ್ಧ ಸುತ್ತು ಗೀರು ಬಿದ್ದಾಗಿತ್ತು. ಹಿಡಿದುಕೊಂಡೇ, ಕೋಣೆಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ, ನನಗೆ ಬರುವ ಹರಕುಮುರುಕು ಹಿಂದಿಯಲ್ಲಿ ಒದರಿದೆ. ಇದು ಪಾದರಸ ಅಲ್ಲ. ಸೆಕೆಗೆ ಕರಗಿದ ರುಬಿಡಿಯಂ. ನೀರಿಗೆ ಬಿದ್ದರೆ ಬಾಟಲಿ ಸಿಡಿಯುತ್ತದೆ, ಗಾಜು, ಬೆಂಕಿ, ಸುಡುವ ಕ್ಷಾರ ಎಲ್ಲ ನಿಮ್ಮ ಕಣ್ಣಿಗೆ ಬರುತ್ತದೆ. ಸಾಹೇಬರಿಗೆ ಆಗಲೇ ಹೇಳಿದೆ, ಅವರು ಬಾಯಿ ಮುಚ್ಚು ಅಂದರು.

ಪಕ್ಕದ ಲ್ಯಾಬಿನವರ ನಗು ನಿಂತಿತು. ಸರ್ ಮುಖದ ನಗು ಮಾತ್ರ ನಿಲ್ಲಲಿಲ್ಲ, ಅದಕ್ಕೆ ಇಳಿಯುವುದೇ ಗೊತ್ತಿರಲಿಲ್ಲ.

"ನಾನ್ಸೆನ್ಸ್," ಎಂದರು. "ಅದು ಪಾದರಸ."

"ಹಾಗಾದ್ರೆ ತಗೊಳ್ಳಿ ಸರ್. ನೀವೇ ಮುರೀರಿ," ಎಂದೆ. ಇದನ್ನೂ ಹಿಂದಿಯಲ್ಲೇ ಹೇಳಿದೆ. "ಬಾಟಲಿ ಇಲ್ಲೇ ಇದೆ. ಮುಖ ಹತ್ತಿರ ಇಟ್ಕೊಂಡು ಮುರೀರಿ."

ಕಾರಿಡಾರಿನ ಕೂಲರ್ ಗುರ್ರೆನ್ನುತ್ತಿದ್ದದ್ದು ಕೇಳಿಸುತ್ತಿತ್ತು. ಸರ್ ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲ. ಪಂಡಿತ್‌ಜಿ ನಿಧಾನವಾಗಿ ಅರವನ್ನು ಸಿಂಕಿನ ಕಟ್ಟೆಯ ಮೇಲಿಟ್ಟರು, ನಾನು ಆಂಪೂಲನ್ನು ಅವರ ಬೆರಳುಗಳಿಂದ ಬಿಡಿಸಿಕೊಂಡೆ.

ನಾನು ಅಷ್ಟಕ್ಕೆ ಬಿಡುವವಳಲ್ಲ. ಮೂಲೆಯಲ್ಲಿ ಸುರಿದಿದ್ದ ಮರಳನ್ನು ಒಂದು ಬಟ್ಟಲಿಗೆ ಬಾಚಿಕೊಂಡು, ಗೀರು ಬಿದ್ದ ಆಂಪೂಲನ್ನು ಅದರಲ್ಲಿ ನೆಟ್ಟಗೆ ನಿಲ್ಲಿಸಿ, ಆ ಮಹಡಿಯಲ್ಲಿ ಎ.ಸಿ. ನಡೆಯುತ್ತಿದ್ದ ಒಂದೇ ಒಂದು ಕೋಣೆಗೆ ಒಯ್ದೆ. ಅದು ಸರ್ ಕ್ಯಾಬಿನ್. ಲ್ಯಾಬು ಬೇಯುತ್ತಿದ್ದಾಗ ಅಲ್ಲಿ ಶಾಲು ಹೊದೆಯುವಷ್ಟು ಚಳಿ. ಬಟ್ಟಲನ್ನು ಅವರ ಮೇಜಿನ ಮೇಲೆ, ಅವರ ಕುರ್ಚಿಯ ಎದುರಿಗೇ ಇಟ್ಟೆ. ಪಂಡಿತ್‌ಜಿ ಬಂದರು, ಪಕ್ಕದ ಲ್ಯಾಬಿನವರು ಬಂದರು. ತಮ್ಮ ಕೋಣೆಯಾದ್ದರಿಂದ ಸರ್ ಕೂಡ ಬರಲೇಬೇಕಾಯಿತು. ಬಂದು ಕುರ್ಚಿಯಲ್ಲಿ ಕೂತರು.

ಹೆಚ್ಚು ಹೊತ್ತು ಬೇಕಾಗಲಿಲ್ಲ. ದ್ರವದ ಅಂಚು ಮೊದಲು ಮಂಕಾಯಿತು, ಆಮೇಲೆ ನಡುವಿನ ಹೊಳಪು ಅಲುಗಾಡುವುದನ್ನು ನಿಲ್ಲಿಸಿತು. ನಾನು ಆಂಪೂಲನ್ನು ಮೆಲ್ಲನೆ ಓರೆ ಮಾಡಿದೆ. ಒಳಗಿನದು ಸರಿಯಲಿಲ್ಲ. ಚಳಿಗಾಲದಲ್ಲಿ ಸರ್ ನೋಡಿದ್ದ ಅದೇ ಬೆಳ್ಳಿಯ ಬಿಲ್ಲೆ ಗಾಜಿಗೆ ಅಂಟಿಕೊಂಡು ಕೂತಿತ್ತು. ಪಾದರಸ ಹೆಪ್ಪುಗಟ್ಟಬೇಕಾದರೆ ಸೊನ್ನೆಗಿಂತ ಸುಮಾರು ಮೂವತ್ತೊಂಬತ್ತು ಡಿಗ್ರಿ ಕೆಳಗೆ ಹೋಗಬೇಕು. ಅಷ್ಟು ಚಳಿ ಆ ಕ್ಯಾಬಿನ್ನಿನ ಎ.ಸಿ.ಗೂ ಸಾಧ್ಯವಿರಲಿಲ್ಲ. ಪಕ್ಕದ ಲ್ಯಾಬಿನವರಲ್ಲಿ ಒಬ್ಬರಿಗೆ ಆ ವೀಡಿಯೋ ನೆನಪಾಗಿರಬೇಕು, "ಹೇ ಭಗವಾನ್" ಎಂದು ಗೋಡೆಗೆ ಒರಗಿದರು.

ಪಂಡಿತ್‌ಜಿ ಬಗ್ಗಿ, ಮೂಗು ತಾಗುವಷ್ಟು ಹತ್ತಿರ ಬಂದು, ಬಲಗಣ್ಣಿನಲ್ಲಿ ಅದನ್ನು ನೋಡಿದರು. ಅದನ್ನು ಕಂಡಾದರೂ ಆ ಮನುಷ್ಯನ ಬಾಯಲ್ಲಿ ಒಂದು ಒಳ್ಳೆಯ ಮಾತು ಬರಬಹುದೆಂದು ನಾನು ಕಾದೆ. ನಿಜವಾಗಿ ಕಾದೆ.

ಸರ್ ಹಿಂದಕ್ಕೆ ಒರಗಿ, ಎಲ್ಲರಿಗೂ ಕಾಣುವ ಹಾಗೆ ನನ್ನ ಕಡೆ ನೋಡಿ ನಕ್ಕರು. ದನಿ ಬೆಣ್ಣೆ ಸವರಿದ ಹಾಗಿತ್ತು.

"ಆಯ್ತಲ್ಲಮ್ಮಾ, ಗೆದ್ದೆ. ಒಬ್ಬ ಪ್ಯೂನಿನ ಕಣ್ಣಿಗೋಸ್ಕರ ಇಷ್ಟು ರಂಪ. ಅವನು ಹೇಗೂ ಅರ್ಧ ಕುರುಡ, ಇನ್ನರ್ಧ ಹೋಗಿದ್ರೆ ಏನು ಮುಳುಗಿಹೋಗ್ತಿತ್ತು?"

ಪಕ್ಕದ ಲ್ಯಾಬಿನವರ ಮುಖ ಸಡಿಲವಾಯಿತು. ನಗು ನೋಡಿದರಲ್ಲ, ಗುರುಗಳು ಶಿಷ್ಯೆಯ ಬೆನ್ನು ತಟ್ಟಿದರು ಎಂದುಕೊಂಡರು. ಪಂಡಿತ್‌ಜಿಯ ಮುಖದಲ್ಲೂ ಸಮಾಧಾನ ಮೂಡಿತು. ಸಾಹೇಬರು ತನ್ನ ವಿಷಯವಾಗಿಯೇ ಏನೋ ಹೇಳಿದರೆಂದು ಅವರಿಗೆ ಹೊಳೆದಿರಬೇಕು. ಎಂದಿನ ಅಕ್ಕರೆಯಲ್ಲಿ ನನ್ನ ಕಡೆ ತಿರುಗಿದರು.

"ಮೇಡಂಜೀ, ಸಾಹಬ್ ಏನಂದ್ರು?"

ಮೇಜಿನ ಡ್ರಾಯರು ನನ್ನ ಮೊಣಕಾಲಿಗೆ ತಾಗುವಷ್ಟು ಹತ್ತಿರವಿತ್ತು. ನನ್ನ ಅರ್ಜಿ ಅದರೊಳಗೆ ಮಲಗಿತ್ತು. ಅದು ಇನ್ನೆಂದೂ ಏಳುವುದಿಲ್ಲವೆಂದು ನನಗೆ ಆ ಕ್ಷಣದಲ್ಲೇ ಗೊತ್ತಿತ್ತು, ಏಳಲೂ ಇಲ್ಲ. ಮಳೆಗಾಲ ಮುಗಿಯುವ ಮುಂಚೆ ನಾನು ದೆಹಲಿ ಬಿಟ್ಟೆ, ಪಿಎಚ್.ಡಿ.ಯನ್ನು ಬೇರೆ ಊರಿನಲ್ಲಿ ಮೊದಲಿನಿಂದ ಶುರುಮಾಡಿದೆ. ಸರ್‌ಗೂ ಅದು ಗೊತ್ತಿತ್ತು. ಊಟದ ವಿಷಯ ಹೇಳು ಎನ್ನುವ ಹಾಗೆ ನನ್ನನ್ನೇ ನೋಡುತ್ತಿದ್ದರು.

ನಾನು ಹೇಳಿದೆ. ಹಿಂದಿಯಲ್ಲಿ, ಒಂದೊಂದೇ ಪದ ಹುಡುಕಿ, ಒಂದನ್ನೂ ಬಿಡದೆ, ನಿಧಾನವಾಗಿ ಹೇಳಿದೆ. ಅರ್ಧ ಕುರುಡ ಎಂಬುದನ್ನೂ ಹೇಳಿದೆ.

ಪಂಡಿತ್‌ಜಿ ಮೇಜಿನ ಮೇಲೆ ಎರಡೂ ಕೈ ಊರಿದರು. ಏನನ್ನಾದರೂ ಸರಿಯಾಗಿ ನೋಡಬೇಕಾದಾಗ ಮಾಡುವ ಹಾಗೆ, ಬಗ್ಗಿ, ತಮ್ಮ ಮುಖವನ್ನು ಸಾಹೇಬರ ಮುಖಕ್ಕೆ ತಾಗುವಷ್ಟು ಹತ್ತಿರ ತಂದು, ಆ ಒಂದು ಕಣ್ಣಿನಲ್ಲಿ ಅವರನ್ನು ನೋಡುತ್ತಾ ನಿಂತರು.

ಸರ್ ಕುರ್ಚಿಯನ್ನು ಹಿಂದಕ್ಕೆ ತಳ್ಳಿದರು. ಹಿಂದೆ ಗೋಡೆಯಿತ್ತು.